ಹೋಗಿ ನೋಡಿ ‘ಇಲ್ಲ’ ಎಂದು ಬರೆಯುತ್ತಿದ್ದವರು

ಕೊಡಗು ಜಿಲ್ಲೆಯಲ್ಲಿ ಭಯೋತ್ಪಾದನೆ ಇಲ್ಲವೆಂಬ ಸಂಗತಿಯನ್ನು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಲಿಖಿತವಾಗಿ ತಿಳಿಸುತ್ತಿದ್ದ ಮಹನೀಯರು ಕಳೆದ ತಿಂಗಳು ಶಿರಂಗಾಲದ ತಮ್ಮ ಮನೆಯಲ್ಲಿ ತೀರಿಕೊಂಡರು. ಎಲ್ಲಿಯೂ ಧ್ವಜ ಇಳಿಸಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬರಲಿಲ್ಲ. ನಮ್ಮ ಮಡಿಕೇರಿ ಶಾಖೆಯಲ್ಲಿ ಎರಡು ನಿಮಿಷ ಎದ್ದು ನಿಲ್ಲೋಣ ಎಂದು ನಾನು ಸೂಚಿಸಿದಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳು ನಿಂತಲ್ಲಿಂದಲೇ “ಯಾರು ಸಾರ್ ಅವ್ರು?” ಎಂದು ಪಿಸುಗುಟ್ಟಿದಳು. ಉತ್ತರ ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲಿ ಎರಡು ನಿಮಿಷ ಆಗಿತ್ತು, ಕುಳಿತೆವು.

ಆಕೆಗೆ ಆಗ ಕೊಡಲಾಗದ ಉತ್ತರ ಇದು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಯಾವ ಕಾಗದದಲ್ಲಿ ಬಂದರೂ ಅದರ ಕೆಳಗೆ ದುಂಡು ಮೊಹರು ಇರಬೇಕೆಂದು ಹಟ ಮಾಡಿದವರು ಅವರು. ನನ್ನ ಬಳಿ ಮೊಹರಿಲ್ಲ.

ನಮ್ಮದು ವಿಮಾ ಕಂಪನಿಯ ಶಾಖೆ. ಕೆಳಗೆ ಬೇಕರಿ, ಮೇಲೆ ನಾವು. ಹಾಗಾಗಿ ನಮ್ಮ ಕಡತಗಳಿಗೆಲ್ಲ ಬೆಣ್ಣೆ ಬಿಸ್ಕತ್ತಿನ ವಾಸನೆ. ಸುಟ್ಟ ಮನೆಗಳ ಕಡತಕ್ಕೂ ಅದೇ ವಾಸನೆ. ಅವರು ಹಿರಿಯ ಸಹಾಯಕರು. ಪಕ್ಕದ ಮೇಜು ನನ್ನದು. ನಮ್ಮ ಮನೆಯವರು ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದವರು. ನಾನೊಬ್ಬ ದಾರಿ ತಪ್ಪಿ ಬೆಂಕಿ ವಿಮೆಗೆ ಬಂದೆ. ಅದಕ್ಕೇ ಅವರು ನನ್ನನ್ನು ಕೊನೆಯವರೆಗೂ ‘ಭಟ್ರೇ’ ಎಂದೇ ಕರೆದರು. ನಾನು ಅವರನ್ನು ‘ಸಾರ್’ ಎನ್ನುತ್ತಿದ್ದೆ. ಹಿಂದಿನಿಂದ ಶಾಖೆಯವರೆಲ್ಲ ಅವರಿಗೆ ‘ನಿಲ್ ಸಾಹೇಬರು’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಪದವಿ ಎಂದೇ ಭಾವಿಸಿದ್ದರೆಂದು ನನ್ನ ಅನುಮಾನ.

ಈ ಬಿರುದು ಬಂದದ್ದು ಒಂದು ತಖ್ತೆಯಿಂದ. ದೊಡ್ಡ ಊರುಗಳಲ್ಲಿ ಬಾಂಬು ಸಿಡಿದರೆ ಆಗುವ ನಷ್ಟವನ್ನು ಯಾರು ಎಷ್ಟು ಹೊರಬೇಕೆಂದು ಮೊದಲೇ ಅಂದಾಜು ಇರಬೇಕಲ್ಲ. ಅದಕ್ಕಾಗಿ ಸರ್ಕಾರ ಎಲ್ಲ ವಿಮಾ ಕಂಪನಿಗಳಿಂದಲೂ ಒಂದು ವಾರ್ಷಿಕ ವಿವರ ತರಿಸಿಕೊಳ್ಳುತ್ತದೆ. ಭಯೋತ್ಪಾದನೆಯ ಅಪಾಯಕ್ಕೆ ಎಷ್ಟು ಪಾಲಿಸಿ ಮಾಡಿದಿರಿ, ಎಲ್ಲಿ ಮಾಡಿದಿರಿ, ಆ ವರ್ಷ ಅಂಥ ಘಟನೆ ಎಷ್ಟು ನಡೆಯಿತು, ಎಷ್ಟು ನಷ್ಟವಾಯಿತು. ನಾಲ್ಕು ಪುಟ, ಹತ್ತೊಂಬತ್ತು ಕಲಂ. ಮೇ ಮೂವತ್ತೊಂದರೊಳಗೆ ಪ್ರತಿ ಶಾಖೆಯಿಂದಲೂ ಹೋಗಬೇಕು. ಏನೂ ನಡೆದಿಲ್ಲದಿದ್ದರೆ ‘ಇಲ್ಲ’, ಇಂಗ್ಲಿಷಿನಲ್ಲಾದರೆ ‘ನಿಲ್’, ಎಂದು ಬರೆದು ಕಳಿಸಬೇಕು. ಖಾಲಿ ಬಿಡುವ ಹಾಗಿಲ್ಲ. ಹಾಸನದವರು, ಮೈಸೂರಿನವರು ಇದನ್ನು ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಮುಗಿಸುತ್ತಿದ್ದರು. ನಮ್ಮ ಸಾಹೇಬರಿಗೆ ಒಂದು ವಾರ ಬೇಕಾಗುತ್ತಿತ್ತು.

“ಇಲ್ಲ ಅನ್ನೋದೇನು ಸುಲಭ ಅಂದ್ಕೊಂಡ್ರಾ ಭಟ್ರೇ?” ಎಂದು ಮೊದಲ ವರ್ಷವೇ ನನಗೆ ಪಾಠ ಮಾಡಿದರು. “ಇದೆ ಅನ್ನೋಕೆ ಒಂದು ಕಡೆ ನೋಡಿದ್ರೆ ಸಾಕು. ಇಲ್ಲ ಅನ್ನೋಕೆ ಎಲ್ಲಾ ಕಡೆ ನೋಡ್ಬೇಕು.”

ಹಾಗಾಗಿ ಪ್ರತಿ ಮೇ ತಿಂಗಳ ಕೊನೆಯ ವಾರ ಅವರು ಸ್ವಂತ ರಜೆ ಹಾಕಿ, ಸ್ವಂತ ಪೆಟ್ರೋಲು ಹಾಕಿಸಿ, ಜಿಲ್ಲೆಯಲ್ಲಿ ಭಯೋತ್ಪಾದನೆ ಇಲ್ಲವೆಂಬುದನ್ನು ಸ್ಕೂಟರಿನಲ್ಲಿ ಹೋಗಿ ನೋಡಿ ಬರುತ್ತಿದ್ದರು. ಉತ್ತರಕ್ಕೆ ಶಿರಂಗಾಲ, ನಡುವೆ ಮೂರ್ನಾಡು, ದಕ್ಷಿಣಕ್ಕೆ ಕೇರಳದ ಗಡಿಯಲ್ಲಿ ಮಾಕುಟ್ಟ. ಈ ಮೂರು ಕಡೆ ಇಲ್ಲದಿದ್ದರೆ ನಡುವೆ ಎಲ್ಲಿಯೂ ಇರಲಾರದೆಂಬುದು ಅವರು ತಾವೇ ಕಂಡುಕೊಂಡ ಸಿದ್ಧಾಂತ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಬೇಡವೆಂದು ಮೂವರು ಮ್ಯಾನೇಜರುಗಳು ಹೇಳಿದ್ದರು.

ಶಿರಂಗಾಲ ಅವರದೇ ಊರಾದ್ದರಿಂದ ಅಲ್ಲಿನ ತಪಾಸಣೆ ಮನೆಯಲ್ಲೇ ಆಗುತ್ತಿತ್ತು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕಾಗದ ಹಿಡಿದು ಕೂತು, “ಏನೇ, ಈ ವರ್ಷ ನಮ್ಮೂರಲ್ಲಿ ಜನರನ್ನ ಹೆದರಿಸೋ ಅಂಥವರು ಯಾರಾದ್ರೂ ಕಂಡ್ರಾ?” ಎಂದು ಹೆಂಡತಿಯನ್ನು ಕೇಳುತ್ತಿದ್ದರಂತೆ.

“ಇರೋದು ನೀವೊಬ್ರೇ. ಎದ್ದು ಸ್ನಾನ ಮಾಡಿ,” ಎಂಬುದು ಆ ತಾಯಿಯ ಖಾಯಂ ಹೇಳಿಕೆ. ಅದನ್ನು ಅವರು ತಖ್ತೆಯಲ್ಲಿ ಸೇರಿಸುತ್ತಿರಲಿಲ್ಲ. ನಮಗೆ ಮಾತ್ರ ಗಂಭೀರವಾಗಿ ವರದಿ ಮಾಡುತ್ತಿದ್ದರು.

ಮೂರ್ನಾಡಿನಲ್ಲಿ ಒಬ್ಬ ಪ್ಲಾಂಟರು ಇವರಿಗಾಗಿಯೇ ಕಾಯುತ್ತಿದ್ದರು. ಅವರ ಎಸ್ಟೇಟಿನ ಗೋಡೌನನ್ನು ಒಂದು ಒಂಟಿ ಆನೆ ಪ್ರತಿ ವರ್ಷ ಹಲಸಿನ ಕಾಲಕ್ಕೆ ಬಂದು ಒಂದೇ ಮೂಲೆಯಿಂದ ಕೆಡವಿ ಹೋಗುತ್ತಿತ್ತು. ನಾನು ಒಮ್ಮೆ ಜೊತೆಗೆ ಹೋದಾಗ ಆದ ಮಾತುಕತೆ ಇದು.

“ಮಾರಾಯ್ರೇ, ಇದು ಪ್ಲಾನ್ ಮಾಡಿ ಮಾಡೋ ಕೆಲಸ,” ಎಂದರು ಪ್ಲಾಂಟರು. “ಅದೇ ವಾರ, ಅದೇ ಮೂಲೆ. ಲೈನ್‌ಮನೆಯ ಕೂಲಿ ಜನ ಎಲ್ಲ ಹೆದರಿ ತೋಟದ ಕೆಲಸಕ್ಕೇ ಬರೋದಿಲ್ಲ. ಇದು ಭಯೋತ್ಪಾದನೆ ಅಲ್ದೆ ಮತ್ತೆಂತ? ಬರೀರಿ ನಿಮ್ಮ ಫಾರಮ್ಮಿನಲ್ಲಿ.”

ಸಾಹೇಬರು ಕನ್ನಡಕ ಹಾಕಿಕೊಂಡು ಮೊದಲ ಪುಟದ ವ್ಯಾಖ್ಯೆಯನ್ನು ಬೆರಳಿಟ್ಟು ಓದಿದರು. “ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಉದ್ದೇಶ ಇರಬೇಕು ಅಂತ ಇದೆ ಕಣ್ರೀ. ಆನೆಗೆ ಇವುಗಳಲ್ಲಿ ಯಾವುದು?”

“ಹಲಸಿನಹಣ್ಣು.”

“ಅದಕ್ಕೆ ಕಲಂ ಇಲ್ವಲ್ಲ,” ಎಂದು ನಿಜವಾಗಿಯೂ ನೊಂದುಕೊಂಡು ಕನ್ನಡಕ ತೆಗೆದರು. ಹೊರಡುವಾಗ ಸ್ಕೂಟರಿನ ಮೇಲೆ ಹೇಳಿದರು: “ಕೊಡಗಿಗೆ ಬೇಕಾದ್ದು ಯಾವ್ದಕ್ಕೂ ಅವರು ಕಲಂ ಮಾಡಿಲ್ಲ, ಭಟ್ರೇ. ಗುಡ್ಡ ಜಾರೋದಕ್ಕಿಲ್ಲ, ಆನೆಗಿಲ್ಲ. ನಮ್ಮತ್ರ ಇಲ್ಲದ್ದನ್ನೇ ಹತ್ತೊಂಬತ್ತು ಥರ ಕೇಳ್ತಾರೆ.”

ಇಂಥ ಮನುಷ್ಯ ‘ಇಲ್ಲ’ ಎಂದು ಬರೆಯುವ ಗಳಿಗೆಯೂ ಸಾಮಾನ್ಯವಾಗಿರುತ್ತಿರಲಿಲ್ಲ. ಮೊದಲು ಎಡಗೈಯ ವಾಚು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದರು. ಸಹಿ ಮಾಡುವಾಗ ಸಮಯ ನೋಡಬಾರದಂತೆ. ಆಮೇಲೆ ಕಪ್ಪು ಮಸಿಯ ಪೆನ್ನಿನಲ್ಲಿ, ಹತ್ತೊಂಬತ್ತು ಕಲಮಿನಲ್ಲೂ, ಬೇರೆಬೇರೆಯಾಗಿ, ‘ಇಲ್ಲ’. ಮೇಲಿನದರಂತೆ ಎಂದು ಎರಡು ಗೀಟು ಎಳೆದು ಮುಗಿಸುವ ಅಭ್ಯಾಸ ಅವರಿಗಿರಲಿಲ್ಲ. ಮೊಹರು ಒತ್ತಿ, ಊದಿ ಒಣಗಿಸಿ, ವಾಚು ಕಟ್ಟಿಕೊಂಡರೆ ಜಿಲ್ಲೆ ಇನ್ನೊಂದು ವರ್ಷಕ್ಕೆ ಕ್ಷೇಮ.

ಇಷ್ಟಕ್ಕೇ ಕಥೆ ನಿಂತಿದ್ದರೆ ನಾನು ನಿಮ್ಮನ್ನು ನಗಿಸಿ ಮನೆಗೆ ಕಳಿಸಬಹುದಿತ್ತು.

ಬೆಂಕಿ ವಿಮೆಯಲ್ಲಿ ಭಯೋತ್ಪಾದನೆ ತಾನಾಗಿ ಸೇರುವುದಿಲ್ಲ. ಬೇಕೆಂದವರು ಅರ್ಜಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ ಸ್ವಲ್ಪ ಹೆಚ್ಚಿಗೆ ಕಟ್ಟಬೇಕು. ನಮ್ಮ ಸಾಹೇಬರು ಆ ಚೌಕವನ್ನು, ಕೇಳಿದವರಿಗೂ ಕೇಳದವರಿಗೂ, ತಾವೇ ಹೊಡೆದುಹಾಕುತ್ತಿದ್ದರು. “ನಿಮ್ಮತ್ರ ಇದಕ್ಕೆ ದುಡ್ಡು ಇಸ್ಕೊಂಡ್ರೆ ನಾನು ಸರ್ಕಾರಕ್ಕೆ ಬರೆದದ್ದು ಸುಳ್ಳಾಗಲ್ವಾ? ವರ್ಷಾ ವರ್ಷ ಹೋಗಿ ನೋಡಿ ಇಲ್ಲ ಅಂತ ಬರ್ಕೊಡೋನು ನಾನು. ನನ್ನ ಮಾತು ನಂಬಿ.” ಜನ ನಂಬುತ್ತಿದ್ದರು. ಮ್ಯಾನೇಜರು ಗೊಣಗುತ್ತಿದ್ದರು. ನನಗೂ ಅದು ನ್ಯಾಯವಾಗಿಯೇ ಕಾಣುತ್ತಿತ್ತು.

ನಂಬಿದವರಲ್ಲಿ ಮಾಕುಟ್ಟದ ಚೇಚಿಯೂ ಒಬ್ಬಳು. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ, ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಚೆಕ್‌ಪೋಸ್ಟಿನಿಂದ ಸ್ವಲ್ಪ ಈಚೆಗೆ, ಘಾಟಿ ಇಳಿದು ಬರುವ ಲಾರಿಗಳು ಉಸಿರು ಬಿಡುವ ಜಾಗದಲ್ಲಿ ಅವಳ ಚಹಾದಂಗಡಿ. ಬಾಳೆಹಣ್ಣಿನ ಪಳಂಪೊರಿ, ಪರಿಪ್ಪುವಡೆ, ಒಂದು ಹಳೆಯ ಫ್ರಿಜ್ಜಿನಲ್ಲಿ ಸೋಡಾ. ಗಂಡ ಇರಲಿಲ್ಲ, ಮಲಯಾಳ ಬೆರೆಸಿದ ಕನ್ನಡದಲ್ಲಿ ಇಡೀ ರಸ್ತೆಯನ್ನು ಒಬ್ಬಳೇ ಆಳುತ್ತಿದ್ದಳು. ಮರದ ಹಲಗೆಯ ಅಂಗಡಿಗೆ ಹೆಂಚು ಹಾಕಿಸಿದ ವರ್ಷ ಹೆಮ್ಮೆಗೆ ವಿಮೆ ಮಾಡಿಸಿದಳು. ಚೌಕ ಹೊಡೆದುಹಾಕಿದ್ದು ಸಾಹೇಬರೇ. ಅಂದಿನಿಂದ ಅವರ ದಕ್ಷಿಣ ದಿಕ್ಕಿನ ತಪಾಸಣೆ ಅವಳ ಬೆಂಚಿನ ಮೇಲೆ ನಡೆಯತೊಡಗಿತು.

“ಏನಮ್ಮಾ, ಈ ವರ್ಷ ಏನಾದ್ರೂ?”

“ಎಂತದೂ ಇಲ್ಲ ಸಾರೇ. ಒಂದು ಕೋತಿ ಬರ್ತದೆ. ಅದನ್ನು ಬರೀತೀರಾ?”

“ಕೋತಿಗೂ ಇಲ್ಲಮ್ಮ ಕಲಂ.”

“ಸಾರಿನ ಸರ್ಕಾರದಲ್ಲಿ ಯಾರಿಗೂ ಜಾಗ ಇಲ್ಲ. ಚಾಯ ಕುಡೀರಿ.”

ಚಹಾಕ್ಕೆ ದುಡ್ಡು ಕೊಟ್ಟೇ ಕುಡಿಯುತ್ತಿದ್ದರು. ತಪಾಸಣೆಗೆ ಹೋದವನು ಪುಕ್ಕಟೆ ಕುಡಿದರೆ ‘ಇಲ್ಲ’ದ ಬೆಲೆ ಇಳಿಯುತ್ತದೆಂದು ಅವರ ವಾದ.

ಅವರ ನಿವೃತ್ತಿಗೆ ಎರಡು ವರ್ಷವಿದ್ದಾಗ, ಒಂದು ಮೇ ತಿಂಗಳ ನಡುವೆ, ಆ ಅಂಗಡಿ ಸುಟ್ಟುಹೋಯಿತು. ಚೇಚಿ ಯಾರದೋ ಮದುವೆಗೆಂದು ಗಡಿಯಾಚೆಯ ಇರಿಟ್ಟಿಗೆ ಹೋಗಿದ್ದಳು; ಮುಚ್ಚಿದ್ದ ಅಂಗಡಿ ಹಾಡುಹಗಲೇ ಹೊತ್ತಿಕೊಂಡು, ಲಾರಿಯವರು ನೀರು ತರುವಷ್ಟರಲ್ಲಿ ಹೆಂಚೆಲ್ಲ ಕೆಳಗಿತ್ತು. ಬೆಂಕಿ ಹೇಗೆ ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಪೊಲೀಸರು ‘ತನಿಖೆಯಲ್ಲಿದೆ’ ಎಂದು ಬರೆದುಕೊಂಡರು. ಕಂಪನಿಯ ಸರ್ವೇಯರು ಬಂದು ಅಳತೆ ತೆಗೆದು, ಪಾಲಿಸಿ ಸರಿಯಿದೆ, ಕ್ಲೇಮು ಆಗುತ್ತದೆ ಎಂದು ಹೇಳಿ ಹೋದರು.

ಮರುವಾರ ಸಾಹೇಬರ ವಾರ್ಷಿಕ ತಪಾಸಣೆ. ಅಂಗಡಿಯಿಲ್ಲದ ಅಂಗಡಿಯ ಮುಂದೆ ಚೇಚಿ ಮೂರು ಕಲ್ಲಿಟ್ಟು ಅವರಿಗೆ ಚಹಾ ಕಾಯಿಸಿ ಕೊಟ್ಟಳಂತೆ. ಇವರು ಎಂದಿನಂತೆ ಕಾಗದ ತೆಗೆದು ಕೇಳಿದರು. ಅವಳು ಮೊದಲು ಏನೂ ಇಲ್ಲವೆಂದಳು. ಆಮೇಲೆ, ಬೆಂಕಿ ಬೀಳುವ ಹತ್ತು ದಿನ ಮೊದಲು ನಾಲ್ವರು ಗಂಡಸರು ಕಾಡಿನ ಕಡೆಯಿಂದ ಬಂದಿದ್ದರು, ಹೆಗಲಿಗೆ ಚೀಲವಿತ್ತು, ಅಕ್ಕಿ ಕೇಳಿ ತೆಗೆದುಕೊಂಡು ಮತ್ತೆ ಕಾಡಿಗೇ ಹೋದರು ಎಂದಳು. ಸಾಹೇಬರು ಅದನ್ನು ಬರೆದುಕೊಂಡು ಬಂದರು.

ಮೇ ಮೂವತ್ತೊಂದು, ಮಧ್ಯಾಹ್ನ. ವಾಚು ಬಿಚ್ಚಿಟ್ಟರು. ಹದಿಮೂರು ‘ಇಲ್ಲ’ಗಳಾದ ಮೇಲೆ ಪೆನ್ನು ನಿಂತಿತು.

“ಭಟ್ರೇ, ಹದಿನಾಲ್ಕನೇ ಕಲಮಿಗೆ ಏನು ಬರೆಯೋಣ? ಘಟನೆಗಳ ಸಂಖ್ಯೆ.”

“ಇಷ್ಟು ವರ್ಷ ಏನು ಬರ್ದಿದೀರೋ ಅದೇ ಬರೀರಿ ಸಾರ್.”

“ಅಂಗಡಿ ಸುಟ್ಟೋಗಿದೆಯಲ್ರೀ.”

“ಒಲೆ ಆರಿಸದೆ ಹೋದ್ರೂ ಸುಡ್ತದೆ.”

“ನಾಲ್ಕು ಜನ ಬಂದಿದ್ರಂತೆ. ಕಾಡಿನ ಕಡೆಗೇ ವಾಪಸ್ ಹೋದ್ರಂತೆ.”

“ಅಂತೆ.”

“ಅಂತೆಗೂ ಒಂದು ಜಾಗ ಕೊಟ್ಟಿದಾರೆ, ನೋಡಿ ಇಲ್ಲಿ. ಖಚಿತ, ಶಂಕಿತ, ಇಲ್ಲ. ಮೂರರಲ್ಲಿ ಒಂದು.” ಆ ‘ಶಂಕಿತ’ ಎಂಬ ಪದದ ಮೇಲೆ ಬೆರಳಿಟ್ಟಿದ್ದರು. ಆನೆಗೆ ಸಿಗದ ಜಾಗ ಅದು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ತಖ್ತೆ ಅವರನ್ನು ಏನೋ ಕೇಳುತ್ತಿತ್ತು.

“ಈಗ ಇಲ್ಲ ಅಂತ ಬರ್ದು ಕಳ್ಸಿ ಸಾರ್. ಆಮೇಲೆ ಹೌದು ಅಂತಾದ್ರೆ ಬರೋ ವರ್ಷದ್ದರಲ್ಲಿ ಸೇರ್ಸಿದ್ರಾಯ್ತು.”

“ನಿಮ್ಮ ಮನೇಲಿ ಪೂಜೆ ಮಾಡೋವಾಗ ಒಂದು ಮಂತ್ರ ಬಿಟ್ಟೋದ್ರೆ, ಬರೋ ವರ್ಷ ಸೇರ್ಸ್ತಾರಾ?”

“ಸೇರ್ಸ್ತಾರೆ ಸಾರ್. ನಮ್ಮ ದೊಡ್ಡಪ್ಪ ಸೇರಿಸ್ತಿದ್ರು.”

ನಗಲಿಲ್ಲ. “ನಿಮ್ಮ ದೊಡ್ಡಪ್ಪ ದೇವರಿಗೆ ಲೆಕ್ಕ ಕೊಡ್ತಿದ್ರು. ದೇವರು ಬಿಡ್ತಾನೆ.” ಕಾಗದ ಹಿಂದಕ್ಕೆ ತಿರುಗಿಸಿ, “ಆಯಮ್ಮನ ಕ್ಲೇಮಿಗೆ ಇದರಿಂದ ಏನೂ ಆಗಲ್ಲ ಕಣ್ರೀ. ಮೊದಲ ಪುಟದಲ್ಲೇ ಅಚ್ಚು ಹಾಕಿದಾರೆ: ಕೇವಲ ಅಂಕಿಅಂಶದ ಉದ್ದೇಶಕ್ಕಾಗಿ. ನಾವು ಎಣಿಸಿ ಕೊಡೋದು, ಅಷ್ಟೇ,” ಎಂದರು.

ಬರೆದರು. ಶಂಕಿತ, ಒಂದು. ಕ್ಲೇಮಿನ ನಂಬರು ಕೇಳಿದ ಕಡೆ ಅದನ್ನೂ ಬರೆದರು. ಊದಿ ಒಣಗಿಸಿದರು.

ನಾನು ಸೋಮಾರಿ. ಇದನ್ನು ನಮ್ರತೆಯಿಂದ ಹೇಳುತ್ತಿಲ್ಲ. ಸೇವಾ ಪುಸ್ತಕದಲ್ಲಿ ಎರಡು ಕಡೆ ಬರೆದಿದೆ. ಆ ದಿನ ಆ ಕುರ್ಚಿಯಲ್ಲಿ ನಾನು ಕೂತಿದ್ದರೆ ಹತ್ತೊಂಬತ್ತು ಕಲಮಿಗೂ ಒಂದು ಉದ್ದ ಗೀಟು ಎಳೆದು, ಕೆಳಗೆ ಹೋಗಿ ಪಫ್ಸ್ ತಿನ್ನುತ್ತಿದ್ದೆ. ಚೇಚಿಗೆ ಅಂಗಡಿ ಇರುತ್ತಿತ್ತು.

ಎರಡು ತಿಂಗಳಿಗೆ ವಲಯ ಕಚೇರಿಯಿಂದ ಕಾಗದ ಬಂತು. ಈ ಬೆಂಕಿಯನ್ನು ನಿಮ್ಮ ಶಾಖೆಯೇ ಸರ್ಕಾರಕ್ಕೆ ಕೊಟ್ಟ ವಿವರದಲ್ಲಿ ಶಂಕಿತ ಭಯೋತ್ಪಾದನೆಯೆಂದು ತೋರಿಸಿದೆ. ಪಾಲಿಸಿಯಲ್ಲಿ ಆ ರಕ್ಷಣೆ ಪಡೆದಿಲ್ಲ. ಆದ್ದರಿಂದ ಕ್ಲೇಮು ತಿರಸ್ಕೃತ. ಇಂಗ್ಲಿಷಿನಲ್ಲಿದ್ದದ್ದನ್ನು ಸಾಹೇಬರು ಮಾಕುಟ್ಟಕ್ಕೆ ಹೋಗಿ ಕನ್ನಡದಲ್ಲಿ ಓದಿ ಹೇಳಿದರು. ಅವಳು ಎಲ್ಲ ಕೇಳಿ, “ಆ ಚೌಕ ಹಾಕಿದ್ದರೆ ಸಿಗ್ತಿತ್ತಾ ಸಾರೇ?” ಎಂದು ಒಂದೇ ಮಾತು ಕೇಳಿದಳಂತೆ. ಇದನ್ನು ಅವರು ನನಗೆ ಹೇಳಿದ್ದು ನಿವೃತ್ತಿಯ ದಿನ.

ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸರ ಕೊನೆಯ ವರದಿ ಬಂತು. ಬೆಂಕಿ ಹತ್ತಿದ್ದು ಫ್ರಿಜ್ಜಿನ ಹಿಂದಿನ ವೈರಿನಿಂದ. ಇನ್ನು ಆ ನಾಲ್ವರು, ಆನೆ ಗಣತಿಗೆಂದು ಅರಣ್ಯ ಇಲಾಖೆ ದಿನಗೂಲಿಯ ಮೇಲೆ ಕಾಡಿಗೆ ಕಳಿಸಿದ್ದವರು. ಕ್ಯಾಂಪಿನಲ್ಲಿ ಅಕ್ಕಿ ಮುಗಿದಿತ್ತು. ಅವರ ಚೀಲದಲ್ಲಿದ್ದದ್ದೂ ಸರ್ಕಾರದ ಒಂದು ತಖ್ತೆಯೇ. ಆನೆಗೆ ಕಲಮಿಲ್ಲವೆಂದು ನಾವು ಮೂರ್ನಾಡಿನಲ್ಲಿ ಹೇಳಿ ಬಂದಿದ್ದೆವಲ್ಲ. ಆನೆ ಎಣಿಸುವವರು ಸದ್ದಿಲ್ಲದೆ ಬಂದು ಹದಿನಾಲ್ಕನೇ ಕಲಮಿನಲ್ಲಿ ಕೂತಿದ್ದರು.

ಸಾಹೇಬರು ವರದಿಯ ನಕಲು ಹಿಡಿದು ಮಕ್ಕಳ ಹಾಗೆ ಖುಷಿಪಟ್ಟರು. “ಆಯ್ತಲ್ಲ ಭಟ್ರೇ! ಒಂದನ್ನು ಹೊಡೆದು ಇಲ್ಲ ಅಂತ ಮಾಡಿದ್ರೆ ಮುಗೀತು.” ಅಂದೇ ಸರ್ಕಾರಕ್ಕೂ ಕಂಪನಿಗೂ ಬರೆದರು.

ಆಮೇಲೆ ನಡೆದದ್ದನ್ನು ನಾನು ಸಾಧ್ಯವಾದಷ್ಟು ಮರ್ಯಾದೆಯಿಂದ ಹೇಳುತ್ತೇನೆ. ಸರ್ಕಾರದವರು ಬರೆದರು: ವಿವರಗಳನ್ನು ದೇಶದ ಒಟ್ಟು ಲೆಕ್ಕಕ್ಕೆ ಸೇರಿಸಿ ಆಗಿದೆ, ಬದಲಾಯಿಸಲು ಬರುವುದಿಲ್ಲ, ಆದರೆ ಅದು ಕೇವಲ ಅಂಕಿಅಂಶವಾದ್ದರಿಂದ ಕ್ಲೇಮಿಗೆ ಅಡ್ಡಿಯಾಗಬೇಕಿಲ್ಲ, ಅದು ಕಂಪನಿಗೆ ಬಿಟ್ಟದ್ದು. ಕಂಪನಿಯವರು ಬರೆದರು: ನಮ್ಮ ಪುಸ್ತಕ ಸರ್ಕಾರದ ಲೆಕ್ಕಕ್ಕೆ ತಾಳೆಯಾಗಬೇಕು, ಒಂದೇ ಬೆಂಕಿ ಅಲ್ಲಿ ಭಯೋತ್ಪಾದನೆ ಇಲ್ಲಿ ಫ್ರಿಜ್ಜು ಆಗಲು ಸಾಧ್ಯವಿಲ್ಲ, ಮೊದಲು ಸರ್ಕಾರದಿಂದ ತಿದ್ದಿಸಿಕೊಂಡು ಬನ್ನಿ. ಇಬ್ಬರೂ ಸೌಜನ್ಯದಿಂದಲೇ ಬರೆದಿದ್ದರು. ಇಬ್ಬರೂ ಹೇಳಿದ್ದು ಅವರವರ ಮಟ್ಟಿಗೆ ಸರಿಯಾಗಿಯೇ ಇತ್ತು. ಸಾಹೇಬರು ಇವರ ಕಾಗದ ಅವರಿಗೆ, ಅವರ ಕಾಗದ ಇವರಿಗೆ ಲಗತ್ತಿಸಿ ಕಳಿಸುತ್ತಾ ಹೋದರು.

ಇಂಥದ್ದಕ್ಕೆಂದೇ ದೂರು ಕೇಳುವ ಒಂದು ಕಚೇರಿ ಉಂಟು. ಕ್ಲೇಮು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅದನ್ನು ಚೇಚಿಗೆ ಸಾಹೇಬರೇ ಹೇಳಿದರು, ಹೇಳಿ, ಬೇಡವೆಂದರು. “ಅಲ್ಲಿಗೆ ಹೋದ್ರೆ ಕಂಪನಿ ಮೇಲೆ ದೂರು ಕೊಟ್ಟಂಗಾಗುತ್ತಮ್ಮ. ಕಂಪನಿದೇನೂ ತಪ್ಪಿಲ್ಲ, ಬರೆದೋನು ನಾನು. ನಾನೇ ಸರಿ ಮಾಡಿಸ್ತೀನಿ. ಸ್ವಲ್ಪ ತಡ್ಕೊ.” ಅವಳು ತಡೆದುಕೊಂಡಳು. ತಿದ್ದಲು ಬರುವುದಿಲ್ಲವೆಂಬ ಕಟ್ಟಕಡೆಯ ಉತ್ತರ ಬಂದಾಗ ವರ್ಷ ಕಳೆದು ಹನ್ನೊಂದು ದಿನವಾಗಿತ್ತು.

ಗಡುವು ಹತ್ತಿರ ಬರುತ್ತಿರುವುದು ನನಗೆ ತಿಳಿದಿತ್ತು. ಮಾಕುಟ್ಟಕ್ಕೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಹಿರಿಯರ ಮೇಜಿನ ಕಾಗದಕ್ಕೆ ಕೈ ಹಾಕಬಾರದು ಎಂಬುದು ಕಚೇರಿಯ ಶಿಸ್ತು. ಜೀವಮಾನದಲ್ಲಿ ನಾನು ಪಾಲಿಸಿದ ಒಂದೇ ಒಂದು ಶಿಸ್ತು ಅದು.

ಈ ನಡುವೆ ಶಂಕಿತ ಎಂದು ಬರೆದದ್ದಕ್ಕೆ ವಿಚಾರಣೆ ಆಗಬೇಕಲ್ಲ. ಕಂಪನಿಯಿಂದ ಒಬ್ಬ ಅಧಿಕಾರಿ ಕಾರಿನಲ್ಲಿ ಬಂದು, ಎರಡು ದಿನ ಚೆಕ್‌ಪೋಸ್ಟಿನ ಬಳಿ ನಿಂತು, ಚೇಚಿಯ ಅಂಗಡಿಗೆ ಯಾರು ಯಾರು ಬರುತ್ತಿದ್ದರೆಂದು ಪ್ರತಿ ಲಾರಿಯವರನ್ನೂ ಕೇಳಿದರು. ಬಹಳ ಒಳ್ಳೆಯ ಮಾತಿನಲ್ಲೇ ಕೇಳಿದರಂತೆ. ಲಾರಿಯವರಿಗೆ ಇಂಥ ಪ್ರಶ್ನೆ ಒಂದು ಸಲ ಸಾಕು. ರಸ್ತೆಯ ಆಚೆ ಬದಿಗೆ ನೀಲಿ ಟಾರ್ಪಾಲು ಕಟ್ಟಿ ಅವಳು ಮತ್ತೆ ಚಹಾ ಇಟ್ಟಾಗ, ಅವರು ಹಾರ್ನು ಹೊಡೆದು ನಕ್ಕು ಮುಂದಿನ ಅಂಗಡಿಗೆ ಹೋಗತೊಡಗಿದರು.

ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಸಾಹೇಬರು ಭಾಷಣ ಮಾಡಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು, ಚೌಕದ ಬಗ್ಗೆ ಅವಳು ಕೇಳಿದ ಆ ಮಾತು ಹೇಳಿದರು. ಆಮೇಲೆ, “ನನ್ನ ಕೈಯಿಂದ ದುಡ್ಡು ಕೊಡೋಕೆ ಹೋದೆ ಭಟ್ರೇ. ಇದು ಕಂಪನಿದಾ ಸಾರಿಂದಾ ಅಂದ್ಲು. ನಂದೇ ಅಂದೆ. ಹಾಗಾದ್ರೆ ಬೇಡ ಸಾರೇ, ನನ್ನ ಅಂಗಡಿ ಸುಟ್ಟದ್ದು ನೀವಲ್ಲ ಅಂದ್ಲು. ಬೈದಿದ್ರೆ ಚೆನ್ನಾಗಿತ್ತು,” ಎಂದರು.

ನಿವೃತ್ತಿಯ ಮೇಲೂ ಪ್ರತಿ ಮೇ ತಿಂಗಳು ಅವರು ಮಾಕುಟ್ಟಕ್ಕೆ ಹೋಗುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ, ಮನೆಯವರ ಬಾಯಿಂದ. ಶಿರಂಗಾಲದ ಮನೆಯಲ್ಲಿ ಹೆಣದ ಮುಂದೆ ಕೂತಿದ್ದ ಅವರ ಹೆಂಡತಿ ನನ್ನನ್ನು ಕಂಡು, ಒಳಗಿನಿಂದ ಒಂದು ಕಡತ ತರಿಸಿ ಕೈಗಿಟ್ಟರು. “ಆಫೀಸಿನದಂತೆ. ಭಟ್ರಿಗೇ ಕೊಡ್ಬೇಕು ಅಂತಿದ್ರು.” ಸ್ವಲ್ಪ ತಡೆದು, “ಅದೇನೋ ಒಂದನ್ನು ಇಲ್ಲ ಮಾಡ್ಬೇಕು ಅಂತಿದ್ರಲ್ಲಪ್ಪ, ಆಯ್ತಾ ಅದು?” ಎಂದು ಕೇಳಿದರು.

“ಆಗ್ತಾ ಇದೆ ಅಮ್ಮ,” ಎಂದೆ. ಸಾವಿನ ಮನೆಯಲ್ಲಿ ಹೇಳಿದ್ದಕ್ಕೆ ಲೆಕ್ಕ ಇಡಬಾರದು.

ಕಡತದಲ್ಲಿ ಕಾಗದಗಳನ್ನು ತಾರೀಖಿನ ಪ್ರಕಾರ ಟ್ಯಾಗ್ ಹಾಕಿ ಜೋಡಿಸಿದ್ದರು. ಎಲ್ಲಕ್ಕಿಂತ ಮೇಲಿನದು ಕಳಿಸದ ಹೊಸ ಅರ್ಜಿ. ‘ಮಾನ್ಯರೇ’ ಎಂದು ಶುರುವಾಗಿ ಮೂರು ಸಾಲಿಗೆ ನಿಂತಿತ್ತು.

ಮೊನ್ನೆ ನಾನು ಬಸ್ಸು ಹತ್ತಿ ಮಾಕುಟ್ಟಕ್ಕೆ ಹೋದೆ. ತಪಾಸಣೆಗಲ್ಲ, ಅವಳಿಗೆ ಸುದ್ದಿ ತಿಳಿಸಬೇಕಿತ್ತು. ಟಾರ್ಪಾಲಿನ ನೀಲಿ ಹೋಗಿ ಬೂದಿಯ ಬಣ್ಣ ಬಂದಿತ್ತು. ಒಲೆಯಿಲ್ಲ, ಮನೆಯಿಂದ ಎರಡು ಫ್ಲಾಸ್ಕಿನಲ್ಲಿ ಚಹಾ ತಂದಿಟ್ಟುಕೊಳ್ಳುತ್ತಾಳೆ. ನಾನು ಕೂತ ಒಂದು ಗಂಟೆಯಲ್ಲಿ ಯಾರೂ ಬಂದು ಕೂರಲಿಲ್ಲ. ಸಾಹೇಬರು ತೀರಿಕೊಂಡರೆಂದಾಗ ತಲೆಯ ಮೇಲಿನ ತೋರ್ತು ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಚಹಾ ಕುಡಿದು ಮುಗಿಸಿ ಕೇಳಿದೆ: “ಅಲ್ಲ ಚೇಚಿ, ಆ ನಾಲ್ಕು ಜನರ ವಿಷಯ ಸಾಹೇಬರಿಗೆ ಯಾಕೆ ಹೇಳಿದ್ರಿ? ಆಗಿನ್ನೂ ಪೊಲೀಸರಿಗೂ ಹೇಳಿರಲಿಲ್ಲವಲ್ಲ.”

“ಅವರ ಮೇಲೆ ನನಗೆ ಸಂಶಯ ಇರಲಿಲ್ಲ ಸಾರೇ. ಪಾಪ, ಅಕ್ಕಿಗೆ ದುಡ್ಡು ಕೊಟ್ಟೇ ಹೋದ್ರು.” ರಸ್ತೆ ನೋಡುತ್ತಾ ಹೇಳಿದಳು. “ಸಾರ್ ಪೆನ್ನು ಹಿಡಿದುಕೊಂಡು ನಿಂತಿದ್ರು. ಪ್ರತಿ ವರ್ಷ ಅಷ್ಟು ದೂರದಿಂದ ಬರ್ತಾರೆ, ಕೇಳ್ತ ನಿಲ್ತಾರೆ. ನಾನು ಏನೂ ಇಲ್ಲ, ಏನೂ ಇಲ್ಲ ಅಂತ ಕಳಿಸೋದು. ಆ ದಿನ ಕೊಡ್ಲಿಕ್ಕೆ ಪಳಂಪೊರಿಯೂ ಇರಲಿಲ್ಲ. ನೆನಪಿಗೆ ಬಂದದ್ದು ಹೇಳಿದೆ.”

ಚಹಾಕ್ಕೆ ದುಡ್ಡು ಕೊಟ್ಟೆ, ತೆಗೆದುಕೊಂಡಳು. ಬಸ್ಸು ಬಂತು. ನಾನು ಕೇಳದೆ ಇದ್ದರೂ ಅವಳೇ ಹಿಂದಿನಿಂದ ಕೂಗಿ ಹೇಳಿದಳು:

“ಈ ವರ್ಷ ಯಾರೂ ಬರಲಿಲ್ಲ ಅಂತ ಬರ್ಕೊಳ್ಳಿ ಸಾರೇ. ಯಾರೂ ಬರೋದಿಲ್ಲ.”

ಈಗ ತಖ್ತೆ ಕಂಪ್ಯೂಟರಿನಲ್ಲಿದೆ. ಅದನ್ನು ತುಂಬುವವನು ನಾನು. ಎಡಗಡೆ ಈ ವರ್ಷದ್ದು, ನಾವು ತುಂಬಬೇಕು. ಬಲಗಡೆ ಹಿಂದಿನ ವರ್ಷಗಳ ಒಟ್ಟು, ಅದೇ ತುಂಬಿಕೊಂಡು ಬರುತ್ತದೆ. ನಿನ್ನೆ ವಾಚು ಬಿಚ್ಚಿ ಮೇಜಿನ ಮೇಲಿಟ್ಟು ಕೂತೆ. ಎಡಗಡೆ ಹತ್ತೊಂಬತ್ತು ಕಡೆಯೂ ಒಂದೊಂದಾಗಿ ಸೊನ್ನೆ ಒತ್ತಿದೆ. ಹದಿನಾಲ್ಕನೆಯದರ ಬಲಗಡೆ, ಬೂದು ಬಣ್ಣದಲ್ಲಿ, ಆ ಒಂದು. ಕೊಡಗು ಜಿಲ್ಲೆಯಲ್ಲಿ ಸರ್ಕಾರಕ್ಕೆ ತಿಳಿದಿರುವ ಒಂದೇ ಒಂದು ಭಯೋತ್ಪಾದನೆ, ಚೇಚಿಯ ಫ್ರಿಜ್ಜು.

ಆಗದೆಂದು ಗೊತ್ತಿದ್ದೂ ಅದರ ಮೇಲೆ ಒತ್ತಿ ಅಳಿಸಲು ನೋಡಿದೆ. ಈ ಕಲಂ ಬದಲಾಯಿಸಲು ನಿಮಗೆ ಅಧಿಕಾರವಿಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ ಬಂತು. ವಾಚು ಕಟ್ಟಿಕೊಂಡು ಎದ್ದೆ.